ಹಾಯುವ ಎತ್ತು ಮತ್ತು ಅದರ ಒಡೆಯ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಾನು ನಮ್ಮ ಧರ್ಮಕೇಂದ್ರದಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಒಂದು ದಿನ ಪಾಪನಿವೇದನೆಯ ಪಾಠ ನಡೆಯುತ್ತಿತ್ತು. ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಸಾಲದು, ಇನ್ನು ಮುಂದೆ ಅದನ್ನು ಮಾಡುವುದಿಲ್ಲವೆಂಬ ದೃಢ ನಿರ್ಧಾರವೂ ಬೇಕು ಎಂದು ವಿವರಿಸುತ್ತಿದ್ದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಜೇಬಿನಿಂದ ಚಪ್ಪಟೆಯಾದ ಒಂದು ರಟ್ಟಿನ ಪ್ಯಾಕೆಟ್ ತೆಗೆದ. ಮೊದಲ ನೋಟಕ್ಕೆ ಅದು ಮಕ್ಕಳು ಕುಡಿಯುವ ಮಾವಿನ ರಸದ ಪ್ಯಾಕೆಟ್ಟಿನಂತೆಯೇ ಇತ್ತು. ಕೈಗೆ ತೆಗೆದುಕೊಂಡು ನೋಡಿದರೆ 90 ಎಂ.ಎಲ್. ವಿಸ್ಕಿಯ ಖಾಲಿ ಪ್ಯಾಕೆಟ್.

"ಟೀಚರ್, ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಅಂತ ಇದರ ಮೇಲೇ ಬರೆದಿದ್ದಾರೆ. ಹಾನಿಕರ ಅಂತ ಅವರೇ ಒಪ್ಪಿಕೊಂಡು ಅವರೇ ಮಾರ್ತಾರಲ್ಲ, ಇದು ಪಾಪನಿವೇದನೆ ಮಾಡಿ ಹೊರಗೆ ಬಂದು ಮತ್ತೆ ಅದೇ ಪಾಪ ಮಾಡಿದ ಹಾಗಲ್ವಾ?"

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. "ಇದು ನಿನಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ. "ನಮ್ಮ ಚರ್ಚ್ ಹಾಲಿನ ಹಿಂದೆ ಟೀಚರ್. ನಿನ್ನೆ ರಿಸೆಪ್ಷನ್ ಇತ್ತಲ್ಲ" ಎಂದ.

ಅವನ ಪ್ರಶ್ನೆಗೆ ಆ ದಿನ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅಂದಿನಿಂದ ಯೋಚಿಸಿದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಮದ್ಯ ತಯಾರಿಸಿ ಮಾರುವವರು, ಅದರಿಂದಾಗುವ ಕೇಡನ್ನು ತಡೆಯುವ ಹೊಣೆಯನ್ನು ಹೊರಬಲ್ಲರೇ? ಹೊರುತ್ತೇವೆಂದು ಅವರು ಹೇಳಿದಾಗ ನಾವು ಎಷ್ಟರಮಟ್ಟಿಗೆ ನಂಬಬೇಕು?

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ದ್ರಾಕ್ಷಾರಸವೇ ಪಾಪ ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಯೇಸುಸ್ವಾಮಿ ತಮ್ಮ ಮೊದಲ ಸೂಚಕಕಾರ್ಯವನ್ನು ಕಾನಾ ಊರಿನ ಮದುವೆ ಮನೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿ ಮಾಡಿದರು. ಪ್ರತಿದಿನದ ಬಲಿಪೂಜೆಯಲ್ಲಿ ದ್ರಾಕ್ಷಾರಸವನ್ನು ಅರ್ಪಿಸುತ್ತೇವೆ. ಸಂತ ಪೌಲರು ತಿಮೊಥೇಯನಿಗೆ ಅವನ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಸಲಹೆ ಕೊಟ್ಟರು. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಎಚ್ಚರಿಸುವುದು ಮಿತಿಮೀರಿದ ಬಳಕೆಯ ವಿರುದ್ಧ. ಆದ್ದರಿಂದ ಇಲ್ಲಿ ಚರ್ಚಿಸಬೇಕಾದದ್ದು ಮಿತಿ ಮೀರಿದಾಗ ಆಗುವ ಕೇಡು, ಮತ್ತು ಇನ್ನೂ ಮೀಸೆ ಮೂಡದ ಹುಡುಗರ ಕೈಗೆ ಅದು ಸೇರುವ ಬಗೆ.

ಇನ್ನು ಮದ್ಯೋದ್ಯಮ ಎಂದರೆ ಯಾರು? ದೊಡ್ಡ ಕಾರ್ಖಾನೆಯ ಮಾಲೀಕನೊಬ್ಬನೇ ಅಲ್ಲ. ನಮ್ಮ ರಾಜ್ಯದಲ್ಲಿ ಕಾರ್ಖಾನೆಯಿಂದ ಹೊರಡುವ ಮದ್ಯ ಸರ್ಕಾರದ್ದೇ ಆದ ಪಾನೀಯ ನಿಗಮದ ಮೂಲಕ ಅಂಗಡಿಗಳಿಗೆ ಹೋಗುತ್ತದೆ. ಚಿಲ್ಲರೆ ಮಾರಾಟದಲ್ಲೂ ಸರ್ಕಾರದ ಸಂಸ್ಥೆಯಾದ ಎಂ.ಎಸ್.ಐ.ಎಲ್. ಮಳಿಗೆಗಳಿವೆ. ನಮ್ಮ ಮಕ್ಕಳ ಶಾಲಾ ಚೀಲಕ್ಕೆ 'ಲೇಖಕ್' ನೋಟ್‌ಬುಕ್ ತಂದುಕೊಟ್ಟದ್ದೂ ಇದೇ ಸಂಸ್ಥೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಹೀಗೆ ತಯಾರಿಸುವವನು, ಸಾಗಿಸುವವನು, ಅಂಗಡಿಯವನು, ತೆರಿಗೆ ಎತ್ತುವ ಸರ್ಕಾರ, ಎಲ್ಲರೂ ಈ ವ್ಯವಹಾರದ ಪಾಲುದಾರರೇ. ಬಾಟ್ಲಿಂಗ್ ಘಟಕದಲ್ಲಿ, ಬಾರಿನಲ್ಲಿ ದುಡಿದು ಸಂಸಾರ ಸಾಕುವ ಸಹೋದರರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ದೂರದ ಯಾರನ್ನೋ ಬೈದು ಕೈತೊಳೆದುಕೊಳ್ಳುವ ವಿಷಯ ಇದಲ್ಲ.

ಉದ್ಯಮದವರ ಮಾತನ್ನೂ ಕೇಳೋಣ. "ನಾವು ಕಾನೂನಿನ ಪ್ರಕಾರ ವ್ಯಾಪಾರ ಮಾಡುತ್ತೇವೆ, ತೆರಿಗೆ ಕಟ್ಟುತ್ತೇವೆ, ಸಾವಿರಾರು ಮಂದಿಗೆ ಕೆಲಸ ಕೊಟ್ಟಿದ್ದೇವೆ. ಮಕ್ಕಳು ಕುಡಿಯುವುದು ನಮಗೂ ಬೇಡ. ಜವಾಬ್ದಾರಿಯಿಂದ ಕುಡಿಯಿರಿ ಎಂದು ನಾವೇ ಪ್ರಚಾರ ಮಾಡುತ್ತೇವೆ" ಎನ್ನುತ್ತಾರೆ. 2012ರಲ್ಲಿ ಜಗತ್ತಿನ 13 ದೊಡ್ಡ ಮದ್ಯ ಕಂಪನಿಗಳು ಒಟ್ಟಾಗಿ, ಮುಂದಿನ ಐದು ವರ್ಷಗಳಲ್ಲಿ ಅಪ್ರಾಪ್ತ ವಯಸ್ಸಿನವರ ಕುಡಿತವನ್ನೂ ಕುಡಿದು ವಾಹನ ಓಡಿಸುವುದನ್ನೂ ಕಡಿಮೆ ಮಾಡಲು ದುಡಿಯುತ್ತೇವೆಂದು ಬಹಿರಂಗವಾಗಿ ಮಾತು ಕೊಟ್ಟವು. ಹೀಗೆ ಹೇಳುವವರೆಲ್ಲ ಕಪಟಿಗಳೆಂದು ನಾನು ಹೇಳಲಾರೆ. ಅವರಿಗೂ ಮಕ್ಕಳಿದ್ದಾರೆ.

ಆದರೆ ಇಂಥ ವಿಷಯವನ್ನು ತೂಗಲು ಪವಿತ್ರ ಗ್ರಂಥದಲ್ಲಿ ಒಂದು ಹಳೆಯ ತಕ್ಕಡಿಯಿದೆ. ವಿಮೋಚನಾಕಾಂಡದ 21ನೇ ಅಧ್ಯಾಯವನ್ನು ತೆರೆದು ನೋಡಿ. ಒಬ್ಬನ ಎತ್ತು ಇನ್ನೊಬ್ಬನನ್ನು ಹಾಯ್ದು ಕೊಂದರೆ ಏನು ಮಾಡಬೇಕೆಂಬ ನಿಯಮ ಅಲ್ಲಿದೆ. ಎತ್ತು ಎಂದೂ ಹಾಯದಿದ್ದದ್ದು, ಆ ದಿನ ಮಾತ್ರ ಕೆರಳಿ ಹಾಯ್ದಿದ್ದರೆ ಒಡೆಯ ನಿರಪರಾಧಿ. ಆದರೆ ಆ ಎತ್ತಿಗೆ ಹಾಯುವ ಚಾಳಿ ಮೊದಲೇ ಇದ್ದು, ಊರವರು ಒಡೆಯನಿಗೆ ಎಚ್ಚರಿಕೆ ಕೊಟ್ಟಿದ್ದು, ಅವನು ಅದನ್ನು ಕಟ್ಟಿಹಾಕದೇ ಬಿಟ್ಟಿದ್ದರೆ, ಆ ಸಾವಿನ ಹೊಣೆ ಒಡೆಯನ ತಲೆಗೂ ಬರುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಇದರ ನ್ಯಾಯ ತಟ್ಟನೆ ಅರ್ಥವಾಗುತ್ತದೆ. ಎತ್ತು ಸಾಕುವುದು ತಪ್ಪಲ್ಲ. ಹಾಯುತ್ತದೆಂದು ಗೊತ್ತಿದ್ದೂ ಬೀದಿಗೆ ಬಿಡುವುದು ತಪ್ಪು.

ಈ ಎತ್ತಿನ ಒಡೆಯನಿಗೆ ಎಚ್ಚರಿಕೆ ಮುಟ್ಟಿದೆಯೇ? ಮುಟ್ಟಿದೆ, ಹಲವು ಸಲ. ಮದ್ಯವು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 1988ರಲ್ಲೇ ಸೇರಿತು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 26 ಲಕ್ಷ ಮಂದಿ ಮದ್ಯದ ಕಾರಣದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ದೇಶದ ಮಟ್ಟಿಗೆ, ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ವೈದ್ಯರು ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ ಕುಡಿತದಿಂದ ಕೇಡಿಗೆ ಒಳಗಾದವರು ಅಥವಾ ಅದರ ದಾಸರಾದವರು ಸುಮಾರು 5.7 ಕೋಟಿ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. 10ರಿಂದ 17 ವರ್ಷದೊಳಗಿನ ಮಕ್ಕಳಲ್ಲಿಯೂ ನೂರಕ್ಕೆ 1.3ರಷ್ಟು ಮಂದಿ ಕುಡಿಯುವವರಿದ್ದರು. ಇಷ್ಟಾದ ಮೇಲೆ 'ನಮ್ಮ ಎತ್ತು ಸಾಧು' ಎಂದು ಯಾರೂ ಹೇಳುವಂತಿಲ್ಲ.

ಹಾಗಾದರೆ ಒಡೆಯ ಏನು ಮಾಡಿದ್ದಾನೆ? ಎತ್ತಿನ ಕೊರಳಿಗೆ 'ಇದು ಹಾಯುತ್ತದೆ, ಜೋಪಾನ' ಎಂಬ ಫಲಕ ಕಟ್ಟಿದ್ದಾನೆ. ಆ ಫಲಕವೂ ಅವನು ತಾನಾಗಿ ಕಟ್ಟಿದ್ದಲ್ಲ. ನಮ್ಮ ತರಗತಿಯ ಹುಡುಗ ಓದಿದ ಆ ಎಚ್ಚರಿಕೆಯನ್ನು 2019ರ ಏಪ್ರಿಲ್‌ನಿಂದ ಪ್ರತಿ ಬಾಟಲಿಯ ಮೇಲೂ ಹಾಕಬೇಕೆಂದು ಕಡ್ಡಾಯ ಮಾಡಿದ್ದು ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ.

ಎತ್ತನ್ನು ಕಟ್ಟಿಹಾಕಲು ಒಡೆಯನಿಗೆ ಏಕೆ ಮನಸ್ಸು ಬರುವುದಿಲ್ಲ? ಕಟ್ಟಿಹಾಕಿದರೆ ನಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಅಲ್ಲಿ ಮದ್ಯ ಮಾರಾಟದ ಆದಾಯದಲ್ಲಿ ನೂರಕ್ಕೆ 68ರಷ್ಟು ಬರುತ್ತಿದ್ದುದು ವೈದ್ಯರು ಹೇಳಿದ ಮಿತಿಗಿಂತ ಹೆಚ್ಚು ಕುಡಿಯುವವರಿಂದ. ಎಲ್ಲರೂ ಮಿತಿಯೊಳಗೆ ಕುಡಿದರೆ ಆದಾಯ ನೂರಕ್ಕೆ 38ರಷ್ಟು ಕುಸಿಯುತ್ತದೆ. ಅದು ಇಂಗ್ಲೆಂಡಿನ ಲೆಕ್ಕ, ನಮ್ಮದಲ್ಲ. ಆದರೆ ನಮ್ಮ ಬೀದಿಯ ಅಂಗಡಿಯವನನ್ನು ಕೇಳಿ ನೋಡಿ. ಅವನಿಗೆ ವ್ಯಾಪಾರ ಕೊಡುವವನು ಕ್ರಿಸ್‌ಮಸ್‌ಗೊಮ್ಮೆ ಬರುವವನೋ, ಬೆಳಿಗ್ಗೆ ಬಾಗಿಲು ತೆರೆಯುವುದನ್ನೇ ಕಾಯುತ್ತಾ ನಿಂತವನೋ? 'ಮಿತಿಯಲ್ಲಿ ಕುಡಿಯಿರಿ' ಎಂಬ ಉಪದೇಶವನ್ನು ಎಲ್ಲರೂ ನಿಜವಾಗಿ ಪಾಲಿಸಿದರೆ ಉಪದೇಶ ಮಾಡಿದವನ ವ್ಯಾಪಾರವೇ ಕುಗ್ಗುತ್ತದೆ. ತನ್ನ ಮಾತು ಫಲಿಸಬಾರದೆಂಬ ಆಸೆ ಒಳಗೊಳಗೇ ಇದ್ದರೆ ಅಂಥವನು ಒಳ್ಳೆಯ ಉಪದೇಶಕನಾಗುವುದು ಹೇಗೆ?

ಆದ್ದರಿಂದ ನಾನು ಕಂಡುಕೊಂಡ ಒರೆಗಲ್ಲು ಇದು: ಕೇಡನ್ನು ತಡೆಯುತ್ತೇನೆ ಎನ್ನುವವನು ಅದಕ್ಕಾಗಿ ಏನನ್ನು ಕಳೆದುಕೊಳ್ಳಲು ಸಿದ್ಧನಿದ್ದಾನೆ? ನಷ್ಟವಾಗದ ತಡೆ ಕೇವಲ ಮಾತು.

ಈ ಒರೆಗಲ್ಲಿಗೆ ಕೆಲವು ಸಂಗತಿಗಳನ್ನು ಉಜ್ಜಿ ನೋಡೋಣ. 2000ದಲ್ಲಿ ಕೇಬಲ್ ಟಿ.ವಿ.ಯಲ್ಲಿ ಮದ್ಯದ ಜಾಹೀರಾತನ್ನು ನಿಷೇಧಿಸಲಾಯಿತು. ಆ ಬಳಿಕ ಅದೇ ಹೆಸರಿನ ಸೋಡಾ, ಅದೇ ಹೆಸರಿನ ಕುಡಿಯುವ ನೀರು, ಅದೇ ಹೆಸರಿನ ಸಂಗೀತದ ಸಿ.ಡಿ. ಪರದೆಯ ಮೇಲೆ ಬಂದವು. 2008ರಲ್ಲಿ ಐ.ಪಿ.ಎಲ್. ಆರಂಭವಾದಾಗ ಬೆಂಗಳೂರಿನ ತಂಡವನ್ನು ಕೊಂಡದ್ದು ಮದ್ಯ ತಯಾರಿಸುವ ಯು.ಬಿ. ಸಮೂಹ. ರಾಯಲ್ ಚಾಲೆಂಜರ್ಸ್ ಎಂಬ ಹೆಸರು ಆ ಸಮೂಹದ ರಾಯಲ್ ಚಾಲೆಂಜ್ ವಿಸ್ಕಿಯಿಂದ ಬಂತು. ಹತ್ತು ವರ್ಷದ ಮಗು ಆ ಹೆಸರನ್ನು ಎದೆಯ ಮೇಲೆ ಧರಿಸಿ ಕುಣಿಯುವಾಗ ಅದಕ್ಕೆ ಯಾರೂ ಮದ್ಯ ಮಾರಿಲ್ಲ, ನಿಜ. ಆದರೆ ಒಂದು ಹೆಸರಿನ ಮೇಲೆ ಪ್ರೀತಿ ಬೆಳೆದಿದೆ. ಆ ಪ್ರೀತಿಗೆ ಮುಂದೆ ಎಂದಾದರೂ ಬೆಲೆ ಬರುತ್ತದೆಂಬುದು ವ್ಯಾಪಾರಿಗೆ ಗೊತ್ತಿದೆ.

ಹಣ್ಣಿನ ರಸದಂತೆ ಕಾಣುವ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. 2025ರ ನವೆಂಬರಿನಲ್ಲಿ ಎರಡು ಮದ್ಯ ಕಂಪನಿಗಳ ಹೆಸರಿನ ತಕರಾರು ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿಗಳೇ ಆ ಪ್ಯಾಕೆಟ್ಟುಗಳನ್ನು ನೋಡಿ ಕಳವಳಪಟ್ಟರು. ಮಕ್ಕಳು ಶಾಲೆಗೆ ಒಯ್ದರೂ ಹೆತ್ತವರಿಗೆ ಗೊತ್ತಾಗದಲ್ಲ ಎಂಬುದು ಅವರ ಚಿಂತೆ. ಮಕ್ಕಳ ಕುಡಿತ ತಡೆಯಲು ಶಾಲೆಗಳಲ್ಲಿ ಭಾಷಣ ಏರ್ಪಡಿಸಿದರೆ ಕಂಪನಿಗೆ ನಷ್ಟವಿಲ್ಲ, ಹೆಸರೂ ಬರುತ್ತದೆ. ಆ ಪ್ಯಾಕೆಟ್ಟನ್ನು ಕೈಬಿಟ್ಟರೆ ನಷ್ಟವಿದೆ. ಯಾವುದು ನಿಜವಾದ ತಡೆ ಎಂದು ನೀವೇ ಹೇಳಿ.

ಸರ್ಕಾರವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ನಮ್ಮ ರಾಜ್ಯದ ಅಬಕಾರಿ ಕಾಯ್ದೆ 18 ವರ್ಷ ತುಂಬದವರಿಗೆ ಮದ್ಯ ಮಾರಬಾರದೆನ್ನುತ್ತದೆ. ಪರವಾನಗಿ ನಿಯಮಗಳಲ್ಲಿ ಇರುವುದು 21 ವರ್ಷ. 2023ರ ಜನವರಿಯಲ್ಲಿ ಈ 21ನ್ನು 18ಕ್ಕೆ ಇಳಿಸುವ ಕರಡು ಹೊರಬಂತು. ಜನ ವಿರೋಧಿಸಿದರು, ಸರ್ಕಾರ ಅದನ್ನು ಕೈಬಿಟ್ಟಿತು. ಅದಕ್ಕೂ ಹಿಂದೆ, 2007ರ ಜುಲೈ 1ರಿಂದ ಇದೇ ರಾಜ್ಯ ಸಾರಾಯಿಯನ್ನು ನಿಲ್ಲಿಸಿ ಅದರ ಆದಾಯ ಬಿಟ್ಟುಕೊಟ್ಟದ್ದೂ ಉಂಟು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು ಎಂಬುದೂ ಅಷ್ಟೇ ನಿಜ. ನೆರೆಯ ಆಂಧ್ರದಲ್ಲಿ 1992ರಲ್ಲಿ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅಕ್ಷರ ಕಲಿಯಲು ಕೂತವರು ಎದ್ದುಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಮರುವರ್ಷ ಇಡೀ ರಾಜ್ಯದಲ್ಲಿ ಸಾರಾಯಿ ನಿಂತಿತು. ಎತ್ತನ್ನು ಕಟ್ಟಿಸಿದವರು ಅದರಿಂದ ಹಾಯಿಸಿಕೊಂಡವರೇ.

ಚಿಕ್ಕ ವಯಸ್ಸಿನಲ್ಲಿ ಮದ್ಯದ ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಧರ್ಮಸಭೆಯಲ್ಲೇ ಒಂದು ಸಾಕ್ಷಿಯಿದೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1856ರಲ್ಲಿ ಹುಟ್ಟಿದ ಮ್ಯಾಟ್ ಟಾಲ್ಬಟ್ ಬಡವರ ಮನೆಯ ಹುಡುಗ. ಹನ್ನೆರಡನೇ ವಯಸ್ಸಿಗೆ ಅವನು ಕೆಲಸಕ್ಕೆ ಸೇರಿದ್ದು ಮದ್ಯ ವ್ಯಾಪಾರಿಗಳ ಉಗ್ರಾಣಕ್ಕೆ. ಅಲ್ಲೇ ಕುಡಿತ ಕಲಿತ. ಮುಂದೆ ಹದಿನಾರು ವರ್ಷ ದುಡಿದದ್ದೆಲ್ಲ ಕುಡಿತಕ್ಕೇ ಹೋಯಿತು. 1884ರಲ್ಲಿ, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಮೂರು ತಿಂಗಳು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ಆಮೇಲೆ 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸಾಯುವವರೆಗೂ ಮುಟ್ಟಲಿಲ್ಲ. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಅವರ ಪಶ್ಚಾತ್ತಾಪವನ್ನು ನಾವು ಕೊಂಡಾಡುತ್ತೇವೆ. ಆದರೆ ಹನ್ನೆರಡರ ಹುಡುಗನನ್ನು ಆ ಉಗ್ರಾಣದೊಳಗೆ ಬಿಟ್ಟವರು ಯಾರು ಎಂದು ನಾವು ಕೇಳುವುದಿಲ್ಲ. ಕುಡಿಯುವವನ ಪಾಪವನ್ನೇ ಎಣಿಸುವ ನಾವು ಕುಡಿಸಿದವನದನ್ನು ಮರೆಯುತ್ತೇವೆ. ಪ್ರವಾದಿ ಹಬಕ್ಕೂಕ ಮರೆಯಲಿಲ್ಲ. ನೆರೆಯವನಿಗೆ ಕುಡಿಸಿ ಅವನ ಮಾನ ಕಳೆಯುವವನಿಗೆ ಅಯ್ಯೋ ಎಂದು ಸಾರಿದ.

ಹಾಗಾದರೆ ಉದ್ಯಮದ ಪಾತ್ರವೇನು? ಇದೆ. ವಯಸ್ಸಿನ ಗುರುತುಚೀಟಿ ನೋಡದೆ ಕೌಂಟರಿನಲ್ಲಿ ಬಾಟಲಿ ಕೊಡದಿರುವುದು, ಮಕ್ಕಳ ಕಣ್ಣು ಸೆಳೆಯುವ ಹೆಸರು, ಪ್ಯಾಕೆಟ್, ಸೋಡಾ ಜಾಹೀರಾತುಗಳನ್ನು ಬಿಡುವುದು, ಆದ ಹಾನಿಯ ಚಿಕಿತ್ಸೆಗೆ ಹಣ ತೆರುವುದು. ಇವು ಅದರ ಕರ್ತವ್ಯಗಳು, ದಾನವಲ್ಲ. ಆದರೆ ಬೇಲಿ ಎಲ್ಲಿ ಹಾಕಬೇಕು, ಎಷ್ಟು ಎತ್ತರ ಇರಬೇಕು ಎಂಬ ತೀರ್ಮಾನ ಎತ್ತಿನ ಒಡೆಯನದ್ದಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಚಾನ್ ಅವರೂ ಮದ್ಯದ ಬಗ್ಗೆ ನೀತಿ ರೂಪಿಸುವುದರಲ್ಲಿ ಉದ್ಯಮಕ್ಕೆ ಪಾತ್ರವಿಲ್ಲವೆಂದು ಸ್ಪಷ್ಟಪಡಿಸಿದರು. ತೆರಿಗೆಯಿಂದ ಬೆಲೆ ಏರಿಸುವುದು, ಅಂಗಡಿಗಳನ್ನೂ ಸಮಯವನ್ನೂ ಮಿತಗೊಳಿಸುವುದು, ಜಾಹೀರಾತು ತಡೆಯುವುದು, ಈ ಮೂರು ಹೆಚ್ಚು ಫಲ ಕೊಡುತ್ತವೆಂದು ಆ ಸಂಸ್ಥೆ ಹೇಳುತ್ತಾ ಬಂದಿದೆ. ಮೂರೂ ಮಾರುವವನಿಗೆ ನಷ್ಟ ತರುವಂಥವೇ ಎಂಬುದನ್ನು ಗಮನಿಸಿ.

ಈ ಉದ್ಯಮದಲ್ಲಿ ದುಡಿಯುವ ಸಹೋದರರಿಗೆ ಒಂದು ಮಾತು. ನಿಮ್ಮ ಅನ್ನ ಪಾಪದ ಅನ್ನವೆಂದು ಯಾರಾದರೂ ಹೇಳಿದರೆ ದುಡುಕಿ ಒಪ್ಪಬೇಡಿ. ನಮ್ಮ ನೀತಿಬೋಧಕರು ಬಹಳ ಹಿಂದಿನಿಂದಲೂ ಒಂದು ಭೇದ ಮಾಡುತ್ತಾ ಬಂದಿದ್ದಾರೆ. ಕೇಡನ್ನು ಬಯಸಿ ಕೈಜೋಡಿಸುವುದು ಬೇರೆ, ಬಯಸದೆಯೇ ತನ್ನ ಕೆಲಸ ಕೇಡಿಗೆ ಬಳಕೆಯಾಗುವುದು ಬೇರೆ. ಕೇಡಿಗೆ ಹತ್ತಿರವಿರುವ ಕೈಗೆ ಹೊಣೆ ಹೆಚ್ಚು, ದೂರವಿರುವ ಕೈಗೆ ಕಡಿಮೆ. ಲೇಬಲ್ ಅಂಟಿಸುವವನು ದೂರದಲ್ಲಿದ್ದಾನೆ. ಸಮವಸ್ತ್ರ ಬಿಚ್ಚಿ ಬ್ಯಾಗಿಗೆ ತುರುಕಿ ಬಂದ ಹುಡುಗನಿಗೆ ಬಾಟಲಿ ಕೊಡುವವನು ಹತ್ತಿರದಲ್ಲಿದ್ದಾನೆ. ಕೌಂಟರಿನಲ್ಲಿ ನಿಂತವನು "ಇಲ್ಲಪ್ಪ, ನಿನಗೆ ಕೊಡಲ್ಲ, ಮನೆಗೆ ಹೋಗು" ಎಂದರೆ ಅವನ ಕೈ ಶುದ್ಧ. ಮಾಲೀಕ ಗೊಣಗಬಹುದು. ಆ ಗೊಣಗಾಟವೇ ಅವನು ತೆರುವ ಬೆಲೆ.

ಇನ್ನು ಉಳಿದದ್ದು ನಾವು, ನೀವು. ನಾಮಕರಣ, ನಿಶ್ಚಿತಾರ್ಥ, ಮದುವೆ, ಹಬ್ಬ, ಯಾವುದಾದರೂ ನಡೆಯಲಿ, "ಒಂದು ಗುಟುಕು ಕುಡಿ ಮಗ, ಗಂಡಸಾಗು" ಎಂದು ಹುಡುಗನ ಕೈಗೆ ಲೋಟ ಕೊಡುವ ಮಾವನನ್ನು ನೀವು ನೋಡಿಲ್ಲವೇ? ನಾವೆಲ್ಲ ನಗುತ್ತೇವೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಆದೇಶವಿಲ್ಲದೆ 18 ತುಂಬದ ಮಗುವಿಗೆ ಮದ್ಯ ಕೊಟ್ಟವನಿಗೆ ಏಳು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷದವರೆಗೆ ದಂಡ ವಿಧಿಸಬಹುದು. ಕಾಯ್ದೆ ಅಂಗಡಿಯವನಿಗೂ ಮಾವನಿಗೂ ಭೇದ ಮಾಡುವುದಿಲ್ಲ. ಸಣ್ಣವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವುದೇ ಲೇಸು ಎಂದ ಯೇಸುಸ್ವಾಮಿಯೂ ಮಾಡಲಿಲ್ಲ.

ನಮ್ಮ ರಾಜ್ಯದ ನಿಯಮಗಳು ದೇವಾಲಯ, ಶಾಲೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಕೊಡಬಾರದೆನ್ನುತ್ತವೆ. ಅಂಗಡಿ ಬಂದರೆ ನಾವೇ ಮೊದಲು ಮನವಿ ಪತ್ರಕ್ಕೆ ಸಹಿ ಹಾಕುತ್ತೇವೆ. ಆದರೆ ದೇವಾಲಯಕ್ಕೆ ಗೋಡೆ ಹಂಚಿಕೊಂಡ ನಮ್ಮ ಹಾಲಿನಲ್ಲಿ ನಡೆಯುವುದಕ್ಕೆ ಅಳತೆಪಟ್ಟಿ ಹಿಡಿಯುವವರು ಯಾರು?

ಆ ಪ್ಯಾಕೆಟ್ಟನ್ನು ನಾನು ಪಾಲನಾ ಸಮಿತಿಯ ಸಭೆಗೆ ಒಯ್ದೆ. ಹಾಲಿನ ಬಾಡಿಗೆ ಪತ್ರದಲ್ಲಿ ಒಂದು ಸಾಲು ಸೇರಿಸೋಣ, ಇಲ್ಲಿ ಮದ್ಯ ಬೇಡ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ನೀವು ಹೇಳೋದು ಸರಿ ಅಮ್ಮ, ಆದರೆ ಹಾಗೆ ಮಾಡಿದರೆ ಬುಕಿಂಗ್ ಕಡಿಮೆಯಾಗುತ್ತೆ. ಗೋಪುರದ ಕೆಲಸ ಬೇರೆ ಬಾಕಿ ಇದೆ" ಎಂದರು. ಅವರು ಒಳ್ಳೆಯವರು, ಅವರ ಲೆಕ್ಕವೂ ಸುಳ್ಳಲ್ಲ. ಆದರೆ ಆ ಮಾತು ಕೇಳಿದಾಗ ನನಗೆ ಕಂಪನಿಗಳ, ಸರ್ಕಾರದ ದನಿಯೇ ಕೇಳಿದಂತಾಯಿತು. ನಮಗೂ ಒಂದು ಎತ್ತಿದೆ, ಚಿಕ್ಕದು. ಅದು ನಮ್ಮ ಗೋಪುರಕ್ಕಾಗಿ ಗೇಯುತ್ತಿದೆ.

ತೀರ್ಮಾನ ಇನ್ನೂ ಆಗಿಲ್ಲ. ಮುಂದಿನ ಸಭೆಗೆ ವಿಷಯ ಮತ್ತೆ ಬರಲಿದೆ. ನಿಮ್ಮ ಧರ್ಮಕೇಂದ್ರದಲ್ಲೂ ಇಂಥ ಹಾಲಿದ್ದರೆ, ನಿಮ್ಮ ಮನೆಯಲ್ಲೂ ಒಂದು ಸಮಾರಂಭ ಹತ್ತಿರವಿದ್ದರೆ, ಇಂದಿನ ಸಂಜೆಯ ಜಪಸರದ ನಂತರ ಮಕ್ಕಳ ಎದುರಿಗೇ ಈ ಮಾತು ಎತ್ತಿ. ನಾವು ಏನು ಕಳೆದುಕೊಳ್ಳಲು ಸಿದ್ಧರಿದ್ದೇವೆ ಎಂದು ಕೇಳಿಕೊಳ್ಳಿ. ನಾಲ್ಕು ಜನರ ಮೆಚ್ಚುಗೆಯೋ, ಒಂದು ತಿಂಗಳ ಬಾಡಿಗೆಯೋ?

ಆ ಹುಡುಗ ಉತ್ತರಕ್ಕಾಗಿ ಕಾಯುತ್ತಿದ್ದಾನೆ. "ಹೌದು ಮಗ, ನೀನು ಹೇಳಿದ್ದು ಸರಿ. ಬಾಯಲ್ಲಿ ಒಪ್ಪಿಕೊಂಡು ಕೈಯಲ್ಲಿ ಬಿಡದಿದ್ದರೆ ಅದು ಪಶ್ಚಾತ್ತಾಪವಲ್ಲ" ಎಂದು ಕಂಪನಿಯ ಬಗ್ಗೆ ನಾನು ಅವನಿಗೆ ಇವತ್ತೇ ಹೇಳಬಲ್ಲೆ. ನಮ್ಮ ಹಾಲಿನ ಬಗ್ಗೆ ಹೇಳಲು ಮುಂದಿನ ಸಭೆ ಮುಗಿಯುವವರೆಗೆ ಕಾಯಬೇಕು.